ವಾಂತಿ ಮೊದಲು, ಎದೆನೋವು ಆಮೇಲೆ: ಅನ್ನನಾಳ ಹರಿದಾಗ ಏನು ಮಾಡಬೇಕು

ಘಾಟ್ಕೋಪರ್‌ನಲ್ಲಿ ನನ್ನದೊಂದು ಮೆಡಿಕಲ್ ಇದೆ. ಮುಂಬೈಯಲ್ಲಿ ಔಷಧಿ ಅಂಗಡಿಗೆ ಎಲ್ಲರೂ ಹಾಗೇ ಹೇಳುವುದು, ಮೆಡಿಕಲ್. ರಾತ್ರಿ ಹನ್ನೊಂದರ ಮೇಲೆ ಬರುವ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಹೊಟ್ಟೆಯ ತಕರಾರಿನವರು. ಒಬ್ಬರಿಗೆ ಗ್ಯಾಸ್, ಒಬ್ಬರಿಗೆ ಎಸಿಡಿಟಿ, ಇನ್ನೊಬ್ಬರಿಗೆ ಪಾರ್ಟಿ ಜಾಸ್ತಿಯಾಗಿರುತ್ತದೆ. ಕೆಲವು ವರ್ಷದ ಹಿಂದೆ ಅಂಥದ್ದೇ ಒಂದು ರಾತ್ರಿ ಹತ್ತಿರದ ಹೋಟೆಲಿನ ಮ್ಯಾನೇಜರಣ್ಣ ಬಂದರು. ಕುಂದಾಪುರದ ಕಡೆಯವರು, ಐವತ್ತರ ಹತ್ತಿರದ ವಯಸ್ಸು. ಎದೆ ಹಿಡಿದುಕೊಂಡಿದ್ದರು. ‘ಎದೆ ಉರಿ ಮಾರಾಯ್ರೇ, ಒಂದು ಸಿರಪ್ ಕೊಡಿ’ ಅಂದರು. ನಾನು ಕೊಟ್ಟೆ. ಅಲ್ಲೇ ಎರಡು ಮುಚ್ಚಳ ಕುಡಿಸಿಯೂ ಬಿಟ್ಟೆ.

ಆ ಸಿರಪ್ ಹೊಟ್ಟೆಗೆ ಹೋಗಲಿಲ್ಲ. ಎದೆಗೂಡಿನೊಳಗೆ ಹೋಯಿತು. ಅವರ ಅನ್ನನಾಳ ಆಗಲೇ ಹರಿದಿತ್ತು.

ಅರ್ಧ ಗಂಟೆ ಮೊದಲು ಹೋಟೆಲಿನ ಹಿಂದೆ ನಿಂತು ನಾಲ್ಕೈದು ಸಲ ಜೋರಾಗಿ ವಾಂತಿ ಮಾಡಿದ್ದರು. ಅದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅಲ್ಲಿಂದ ಅವರು ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋದರು. ಇಸಿಜಿ ತೆಗೆದರು, ನಾರ್ಮಲ್ ಬಂತು, ಗ್ಯಾಸಿನ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ಬೆಳಗಿನ ಜಾವ ಜ್ವರ, ಏದುಸಿರು. ಆಗ ದೊಡ್ಡ ಆಸ್ಪತ್ರೆ. ಅಲ್ಲಿ ಕ್ಯಾಜುವಾಲ್ಟಿಯ ಒಬ್ಬ ಹುಡುಗ ಡಾಕ್ಟರ್ ಮಾತ್ರ ಸರಿಯಾದ ಪ್ರಶ್ನೆ ಕೇಳಿದ. ‘ನೋವು ಶುರುವಾಗೋ ಮೊದಲು ಏನಾಯ್ತು?’

ಅಣ್ಣ ಬದುಕಿದರು. ಆಮೇಲೆ ನಾನು ಈ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಆಪರೇಷನ್ ಮಾಡಿದ ಸರ್ಜನ್ ಹತ್ತಿರ ಕೂತು ಕೇಳಿದೆ. ಮುಂಬೈಯ ನಮ್ಮ ಜನಕ್ಕೆ, ಅದರಲ್ಲೂ ಹೋಟೆಲ್, ಕ್ಯಾಂಟೀನ್‌ಗಳಲ್ಲಿ ತಡರಾತ್ರಿ ಉಣ್ಣುವವರಿಗೆ, ಉಪಯೋಗಕ್ಕೆ ಬರಲಿ ಅಂತ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ಮನೆಯಲ್ಲೇ ಚಿಕಿತ್ಸೆ ಮಾಡಲು ಹೋಗಬೇಡಿ, ಮಾಡಲು ಆಗುವಂಥದ್ದೂ ಅಲ್ಲ.

ಒಳಗೆ ಏನಾಗುತ್ತದೆ

ಗಂಟಲಿನಿಂದ ಹೊಟ್ಟೆಗೆ ಇಳಿಯುವ ಕೊಳವೆ ಅನ್ನನಾಳ. ದೊಡ್ಡವರಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದ. ಜಠರಕ್ಕೂ ಕರುಳಿಗೂ ಹೊರಗಿನಿಂದ ತೆಳ್ಳಗಿನ ಆದರೆ ಗಟ್ಟಿಯಾದ ಒಂದು ಪೊರೆ ಸುತ್ತಿಕೊಂಡಿರುತ್ತದೆ. ಅನ್ನನಾಳಕ್ಕೆ ಆ ಪೊರೆ ಇಲ್ಲ.

ವಾಂತಿ ಬರುವಾಗ ಹೊಟ್ಟೆಯ ಸ್ನಾಯುಗಳು ಜೋರಾಗಿ ಹಿಂಡುತ್ತವೆ. ಅದೇ ಹೊತ್ತಿಗೆ ಮೇಲೆ ಗಂಟಲಿನ ಹತ್ತಿರ ಇರುವ ಬಿಗಿ ಸಡಿಲಾಗಿ ದಾರಿ ಬಿಡಬೇಕು. ಕೆಲವು ಸಲ ಅದು ಸಡಿಲಾಗುವುದಿಲ್ಲ. ಮುಚ್ಚಳ ತೆಗೆಯದೆ ಪೇಸ್ಟಿನ ಟ್ಯೂಬ್ ಹಿಂಡಿದರೆ ಏನಾಗುತ್ತದೆ ಹೇಳಿ? ಎಲ್ಲಿ ಗೋಡೆ ಸಡಿಲವೋ ಅಲ್ಲಿ ಬಿರಿಯುತ್ತದೆ. ಅನ್ನನಾಳದಲ್ಲಿ ಆ ಜಾಗ ಬಹುತೇಕ ಒಂದೇ. ಹೊಟ್ಟೆ ಸೇರುವ ಕಡೆಯಿಂದ ಎರಡು ಮೂರು ಸೆಂಟಿಮೀಟರ್ ಮೇಲೆ, ಎಡಗಡೆ, ಹಿಂಬದಿ. ಅಲ್ಲಿ ಅದಕ್ಕೆ ಪಕ್ಕದಿಂದ ಆಸರೆ ಕಡಿಮೆ.

ಬಿರಿದ ಮೇಲಿನ ಕಥೆಯೇ ಜಾಸ್ತಿ ಕೆಟ್ಟದ್ದು. ನಾವು ಉಸಿರು ಒಳಗೆ ಎಳೆದಾಗಲೆಲ್ಲ ಎದೆಗೂಡಿನ ಒತ್ತಡ ಇಳಿಯುತ್ತದೆ. ಹಾಗಾಗಿ ಹೊಟ್ಟೆಯ ಆಮ್ಲ, ಅರ್ಧ ಜೀರ್ಣವಾದ ಊಟ, ಎಂಜಲು, ಗಾಳಿ ಎಲ್ಲ ಆ ತೂತಿನಿಂದ ಎದೆಯೊಳಕ್ಕೆ ಹೀರಿಕೊಂಡು ಹೋಗುತ್ತದೆ. ಹೃದಯ, ಶ್ವಾಸಕೋಶಗಳ ನಡುವಿನ ಜಾಗದಲ್ಲಿ ಮೊದಲು ಆಮ್ಲದ ಸುಡುಗಾಯ. ಕೆಲವೇ ಗಂಟೆಗಳಲ್ಲಿ ಕೀವು, ರಕ್ತಕ್ಕೆ ಸೋಂಕು.

ಈ ಕಾಯಿಲೆಗೆ ಬೋರ್‌ಹಾವ್ ಸಿಂಡ್ರೋಮ್ ಅಂತ ಹೆಸರು. ಹರ್ಮನ್ ಬೋರ್‌ಹಾವ್ ಹಾಲೆಂಡಿನ ಲೈಡನ್ ಊರಿನ ದೊಡ್ಡ ವೈದ್ಯ. 1723ರಲ್ಲಿ ಡಚ್ ನೌಕಾಪಡೆಯ ಅಡ್ಮಿರಲ್ ವಾಸೆನಾರ್ ಭರ್ಜರಿ ಊಟ ಮಾಡಿ, ಹೊಟ್ಟೆ ಭಾರ ಅಂತ ವಾಂತಿ ತರಿಸುವ ಕಷಾಯ ಕುಡಿದ. ಓಕರಿಸುವಾಗ ಎದೆಯೊಳಗೆ ಏನೋ ಕಿತ್ತುಹೋದಂತಾಗಿ ಕಿರುಚಿಕೊಂಡ. ಒಂದು ದಿನ ತುಂಬುವ ಮೊದಲೇ ಸತ್ತ. ಹೆಣ ಕೊಯ್ದು ನೋಡಿದಾಗ ಎದೆಗೂಡಿನಿಂದ ಅವನು ತಿಂದಿದ್ದ ಬಾತುಕೋಳಿಯ ವಾಸನೆ ಬಂತು ಅಂತ ಬೋರ್‌ಹಾವ್ ಮರುವರ್ಷ ಬರೆದ. ಆಮೇಲೆ ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ಈ ಕಾಯಿಲೆ ಬಂದರೆ ಸಾವೇ. ಹರಿದ ಜಾಗ ಹೊಲಿದು ರೋಗಿಯನ್ನು ಉಳಿಸಿದ ವರದಿಗಳು ಬಂದದ್ದು 1947ರ ಹೊತ್ತಿಗೆ. ಇಂಗ್ಲೆಂಡಿನ ಸರ್ಜನ್ ನಾರ್ಮನ್ ಬ್ಯಾರೆಟ್ ಹೆಸರು ಅದರಲ್ಲಿ ಮುಖ್ಯ.

ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಮಂದಿಗೆ ಬರುವ ಕಾಯಿಲೆ ಇದು, ಗಂಡಸರಲ್ಲಿ ಜಾಸ್ತಿ. ಕುಡಿತ, ಅತಿಯಾದ ಊಟ ದೊಡ್ಡ ಕಾರಣಗಳು. ಆದರೆ ಫುಡ್ ಪಾಯ್ಸನ್‌ನ ವಾಂತಿ, ಹೆರಿಗೆಯ ಮುಕ್ಕುವಿಕೆ, ಭಾರ ಎತ್ತುವುದು, ಮೂರ್ಛೆರೋಗದ ಸೆಳೆತ, ವಿಪರೀತ ಕೆಮ್ಮು ಕೂಡ ಸಾಕು. ‘ನಮ್ಮವರು ಕುಡಿಯುವುದೇ ಇಲ್ಲ’ ಅಂತ ಇದನ್ನು ತಳ್ಳಿಹಾಕಬೇಡಿ. ಎಂಡೋಸ್ಕೋಪಿ ಮಾಡುವಾಗ ಅಪರೂಪಕ್ಕೆ ತೂತಾಗುವುದೂ ಉಂಟು, ಅದು ಬೇರೆ ಲೆಕ್ಕ.

ಹೆಜ್ಜೆ 1: ಕ್ರಮ ಗಮನಿಸಿ

ಜೋರು ವಾಂತಿ ಅಥವಾ ಓಕರಿಕೆ. ಕೂಡಲೇ, ಚಾಕು ಹಾಕಿದ ಹಾಗೆ ಎದೆಯ ಕೆಳಭಾಗದಲ್ಲಿ ಅಥವಾ ಮೇಲ್ಹೊಟ್ಟೆಯಲ್ಲಿ ನೋವು. ಈ ಕ್ರಮ ಕಂಡರೆ ಗಡಿಯಾರ ನೋಡಿ ಸಮಯ ಬರೆದಿಟ್ಟುಕೊಳ್ಳಿ. ನೋವು ಬೆನ್ನಿಗೆ, ಎಡಭುಜಕ್ಕೆ ಹೋಗಬಹುದು. ಉಸಿರು ಎಳೆದರೆ, ಎಂಜಲು ನುಂಗಿದರೆ ಹೆಚ್ಚಾಗುತ್ತದೆ. ರೋಗಿಗೆ ಮಲಗಲು ಆಗುವುದಿಲ್ಲ, ಮುಂದಕ್ಕೆ ಬಾಗಿ ಕೂರುತ್ತಾರೆ. ಮ್ಯಾನೇಜರಣ್ಣ ನನ್ನ ಕೌಂಟರಿನ ಮೇಲೆ ಬಾಗಿ ನಿಂತಿದ್ದರು. ಸುಸ್ತಾಗಿದೆ ಅಂದುಕೊಂಡೆ.

ಹಾರ್ಟ್ ಅಟ್ಯಾಕ್‌ನಲ್ಲೂ ವಾಂತಿ ಬರುತ್ತದಲ್ಲ ಅಂತ ಕೇಳಬಹುದು. ಬರುತ್ತದೆ. ಅಲ್ಲಿ ಸಾಮಾನ್ಯವಾಗಿ ಎದೆ ಹಿಡಿದುಕೊಂಡ ಮೇಲೆ ವಾಂತಿ, ಇಲ್ಲಿ ವಾಂತಿಯಾದ ಮೇಲೆ ಎದೆನೋವು. ಇದು ನೂರಕ್ಕೆ ನೂರು ನಿಯಮ ಏನಲ್ಲ. ಮನೆಯಲ್ಲಿ ಕೂತು ಇದಾ ಅದಾ ಅಂತ ತೀರ್ಮಾನಿಸುವ ಅಗತ್ಯವೂ ಇಲ್ಲ, ಎರಡಕ್ಕೂ ಹೋಗಬೇಕಾದ್ದು ಕ್ಯಾಜುವಾಲ್ಟಿಗೇ. ಆದರೆ ಅಲ್ಲಿ ಆ ಕ್ರಮವನ್ನು ಹೇಳದಿದ್ದರೆ ಎಲ್ಲರೂ ಹೃದಯದ ಹಿಂದೆಯೇ ಓಡುತ್ತಾರೆ.

ಇನ್ನೊಂದು ಗುರುತು ಇದೆ, ನೋಡಿದವರು ಮರೆಯುವುದಿಲ್ಲ. ಎದೆಯೊಳಗೆ ಸೋರಿದ ಗಾಳಿ ಮೇಲೇರಿ ಕುತ್ತಿಗೆಯ ಚರ್ಮದ ಕೆಳಗೆ ಸೇರಿಕೊಳ್ಳುತ್ತದೆ. ಕುತ್ತಿಗೆ, ಕೊರಳೆಲುಬಿನ ಹತ್ತಿರ ಊದಿದ ಹಾಗೆ ಕಾಣುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಮಂಡಕ್ಕಿ ಪೊಟ್ಟಣ ಒತ್ತಿದಂತೆ ಚರಚರ ಅನ್ನುತ್ತದೆ. ಧ್ವನಿ ಮೂಗಿನಿಂದ ಬಂದ ಹಾಗಾಗಬಹುದು. ವಾಂತಿ, ಎದೆನೋವು, ಚರ್ಮದಡಿಯ ಗಾಳಿ, ಈ ಮೂರನ್ನು ಸೇರಿಸಿ ಡಾಕ್ಟರುಗಳು ಮ್ಯಾಕ್ಲರ್ ತ್ರಯ ಅನ್ನುತ್ತಾರೆ. ತೊಂದರೆ ಏನೆಂದರೆ ಮೂರೂ ಒಟ್ಟಿಗೆ ಕಾಣುವುದು ಕಡಿಮೆ. ಗಾಳಿ ಮೇಲೇರಲು ಸಮಯ ಬೇಕು. ಅದಕ್ಕಾಗಿ ಕಾಯುತ್ತ ಕೂರಬೇಡಿ.

ರಕ್ತ ವಾಂತಿ ಇಲ್ಲಿ ಜಾಸ್ತಿ ಇರುವುದಿಲ್ಲ. ವಾಂತಿ ಮಾಡಿ ಮಾಡಿ ಆಮೇಲೆ ಕೆಂಪು ರಕ್ತ ಬಂದರೆ, ನೋವು ಅಷ್ಟಿಲ್ಲದಿದ್ದರೆ, ಅದು ಒಳಪದರ ಮಾತ್ರ ಸೀಳುವ ಮ್ಯಾಲರಿ ವೈಸ್ ಅನ್ನುವ ಬೇರೆ ತೊಂದರೆ ಇರಬಹುದು. ಬಹುಪಾಲು ತಾನಾಗಿ ನಿಲ್ಲುತ್ತದೆ. ಅದಕ್ಕೂ ಆಸ್ಪತ್ರೆಗೆ ಹೋಗಬೇಕು, ಅದು ಬೇರೆ ಮಾತು.

ಹೆಜ್ಜೆ 2: ಬಾಯಿಗೆ ಏನನ್ನೂ ಹಾಕಬೇಡಿ

ನಮ್ಮವರ ಕೈ ಇಲ್ಲೇ ಸುಮ್ನೆ ಇರುವುದಿಲ್ಲ. ಒಬ್ಬರು ಇನೋ ತರುತ್ತಾರೆ, ಒಬ್ಬರು ಜೀರಾ ಸೋಡಾ, ಇನ್ನೊಬ್ಬರು ಓಮದ ನೀರು. ಅಜ್ಜಿ ಇದ್ದರೆ ಉಪ್ಪುನೀರು ಕುಡಿಸಿ ‘ಇನ್ನೂ ಒಂದು ಸಲ ಕಾರಿಬಿಡು, ಹಗುರಾಗ್ತದೆ’ ಅನ್ನುತ್ತಾರೆ. ಹರಿದ ಕೊಳವೆಗೆ ಇದೆಲ್ಲ ವಿಷಕ್ಕೆ ಸಮ. ಕುಡಿದದ್ದು ಎದೆಗೆ ಸೋರುತ್ತದೆ. ಸೋಡಾದ ಗ್ಯಾಸ್ ಹರಿದದ್ದನ್ನು ಇನ್ನಷ್ಟು ಅಗಲಿಸಬಹುದು. ಮತ್ತೆ ವಾಂತಿ ಮಾಡಿಸಿದರಂತೂ ಕೇಳುವುದೇ ಬೇಡ.

ನೀರೂ ಬೇಡ, ನೋವಿನ ಮಾತ್ರೆಯೂ ಬೇಡ. ತುಟಿ ಒಣಗಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಅಷ್ಟು ಸಾಕು. ಎದೆನೋವಿಗೆ ಆಸ್ಪಿರಿನ್ ಅಗಿಯಲು ಕೊಡಬೇಕು ಅಂತ ಈಗ ಬಹಳ ಜನಕ್ಕೆ ಗೊತ್ತು. ಹೃದಯದ ನೋವಿಗೆ ಅದು ಸರಿ. ಆದರೆ ವಾಂತಿಯ ಬೆನ್ನಿಗೇ ನೋವು ಬಂದಿದ್ದರೆ ನಿಮ್ಮಷ್ಟಕ್ಕೆ ಕೊಡಬೇಡಿ, ಫೋನಿನಲ್ಲಿ ವಿಷಯ ಹೇಳಿ ಕೇಳಿ.

108ಕ್ಕೆ ಫೋನ್ ಮಾಡಿ. ಮಹಾರಾಷ್ಟ್ರದ 108 ಆಂಬುಲೆನ್ಸಿನಲ್ಲಿ ಡಾಕ್ಟರ್ ಜೊತೆಗಿರುತ್ತಾರೆ, ಆಕ್ಸಿಜನ್ ಇರುತ್ತದೆ. ಅದು ಬರುವವರೆಗೆ ರೋಗಿಯನ್ನು ದಿಂಬು ಕೊಟ್ಟು ಅರ್ಧ ಕೂತಂತೆ ಒರಗಿಸಿ. ಚಾಳಿನ ಮೂರನೇ ಮಾಳಿಗೆಯಿಂದ ನಡೆಸಿಕೊಂಡು ಇಳಿಸಬೇಡಿ. ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹಿಡಿದರೆ ಇಳಿಸಬಹುದು. ಆಂಬುಲೆನ್ಸ್ ತಡ ಅನ್ನಿಸಿದರೆ ಟ್ಯಾಕ್ಸಿಯೇ ಸರಿ. ಲೋಕಲ್ ಟ್ರೇನಿನಲ್ಲಿ ಕರೆದುಕೊಂಡು ಹೋದವರನ್ನೂ ನಾನು ನೋಡಿದ್ದೇನೆ, ಹಾಗೆ ಮಾತ್ರ ಮಾಡಬೇಡಿ.

ಹೆಜ್ಜೆ 3: ಎಲ್ಲಿಗೆ ಹೋಗುವುದು

ಹತ್ತಿರದ ಆಸ್ಪತ್ರೆ ಅಂದರೆ ಸಾಲದು. ರಾತ್ರಿಯೂ ನಡೆಯುವ ಸಿಟಿ ಸ್ಕ್ಯಾನ್, ಐಸಿಯು, ಎದೆಯ ಸರ್ಜನ್ ಅಥವಾ ಅನ್ನನಾಳದ ಕೆಲಸ ಬಲ್ಲ ಗ್ಯಾಸ್ಟ್ರೋ ಸರ್ಜನ್, ಈ ಮೂರು ಇರಬೇಕು. ದಾರಿಯಲ್ಲೇ ಫೋನ್ ಮಾಡಿ ಕೇಳಿ. ಮಹಾನಗರಪಾಲಿಕೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳು ನಮ್ಮಂಥವರಿಗೆ ದೊಡ್ಡ ಆಸರೆ. ಪರೇಲಿನ ಕೆಇಎಂ, ಸಾಯನ್ ಆಸ್ಪತ್ರೆ, ಮುಂಬೈ ಸೆಂಟ್ರಲ್ ಹತ್ತಿರದ ನಾಯರ್, ವಿಲೇಪಾರ್ಲೆಯ ಕೂಪರ್. ಭಾಯಖಳಾದ ಜೆಜೆ ರಾಜ್ಯ ಸರಕಾರದ್ದು. ಅಲ್ಲಿ ರಶ್ ಇರುತ್ತದೆ, ನೆಲದ ಮೇಲೆ ಹಾಸಿಗೆ ಸಿಗಬಹುದು. ಆದರೆ ರಾತ್ರಿ ಎರಡು ಗಂಟೆಗೂ ಕಣ್ಣು ಬಿಟ್ಟುಕೊಂಡಿರುವ ರೆಸಿಡೆಂಟ್ ಡಾಕ್ಟರುಗಳು ಇರುತ್ತಾರೆ. ಮ್ಯಾನೇಜರಣ್ಣನ ಕಾಯಿಲೆ ಹಿಡಿದವನು ಅಂಥ ಒಬ್ಬ ಹುಡುಗನೇ.

ಡೊಂಬಿವಲಿ, ವಸಾಯಿ, ಮೀರಾ ರೋಡ್ ಕಡೆಯವರಿಗೆ ದಕ್ಷಿಣ ಮುಂಬೈ ದೂರ. ರೋಗಿಯ ಉಸಿರು, ಬಿಪಿ ಇಳಿಯುತ್ತಿದ್ದರೆ ಮೊದಲು ಹತ್ತಿರದ ಆಸ್ಪತ್ರೆಗೇ ಹೋಗಿ. ಡ್ರಿಪ್, ಆಕ್ಸಿಜನ್, ಆಂಟಿಬಯಾಟಿಕ್ ಅಲ್ಲೇ ಶುರುವಾಗಲಿ. ಆಮೇಲೆ ಅವರೇ ದೊಡ್ಡ ಕಡೆಗೆ ಫೋನ್ ಮಾಡಿ ಕಳಿಸಲಿ. ‘ಬೆಳಿಗ್ಗೆ ದೊಡ್ಡ ಡಾಕ್ಟರ್ ಬಂದು ನೋಡ್ತಾರೆ’ ಅಂದರೆ ಒಪ್ಪಬೇಡಿ. ಮೊದಲ 24 ಗಂಟೆಯೊಳಗೆ ಸರಿಯಾದ ಚಿಕಿತ್ಸೆ ಸಿಕ್ಕಿದವರಲ್ಲಿ ಹೆಚ್ಚಿನವರು ಬದುಕುತ್ತಾರೆ. ಎರಡು ದಿನ ದಾಟಿದ ಮೇಲೆ ಬಂದವರಲ್ಲಿ ಅರ್ಧದಷ್ಟು ಜನ, ಕೆಲವು ಕಡೆ ಅದಕ್ಕೂ ಜಾಸ್ತಿ, ಉಳಿಯುವುದಿಲ್ಲ. ಬೆಳಗಿನವರೆಗಿನ ಆರೇಳು ಗಂಟೆಗೆ ಇಲ್ಲಿ ಅಷ್ಟು ಬೆಲೆ ಇದೆ.

ಹೆಜ್ಜೆ 4: ಕ್ಯಾಜುವಾಲ್ಟಿಯಲ್ಲಿ ಹೇಳುವ ಮಾತು

ಕೇಸ್ ಪೇಪರ್ ಬರೆಯುವವರು ‘ಕಾಯ್ ಹೋತಂಯ್?’ ಅಂತ ಕೇಳುತ್ತಾರೆ. ನಾವು ಗಾಬರಿಯಲ್ಲಿ ‘ಛಾತೀತ್ ದುಖತಂಯ್’ ಅನ್ನುತ್ತೇವೆ. ಪೇಪರಿನ ಮೇಲೆ ಎದೆನೋವು ಅಂತ ಬರೆದಾಯಿತು. ಅಲ್ಲಿಂದ ರೋಗಿ ಹೃದಯದ ಸಾಲಿಗೆ.

ಅದರ ಬದಲು ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಮರಾಠಿಯಲ್ಲಿ: ‘ಆಧೀ ಜೋರಾತ್ ಉಲ್ಟೀ ಝಾಲೀ, ಮಗ್ ಛಾತೀತ್ ದುಖಾಯಲಾ ಲಾಗಲಂ.’ ಹಿಂದಿಯಲ್ಲಿ: ‘ಪೆಹಲೇ ಜೋರ್ ಸೇ ಉಲ್ಟೀ ಹುಈ, ಉಸ್ಕೇ ಬಾದ್ ಸೀನೇ ಮೇಂ ದರ್ದ್ ಶುರೂ ಹುವಾ.’ ಎಷ್ಟು ಗಂಟೆಗೆ ಅನ್ನುವುದನ್ನೂ ಸೇರಿಸಿ. ಎಷ್ಟು ಸಲ ವಾಂತಿ, ಕೊನೆಯ ಊಟ ಯಾವಾಗ, ಆಮೇಲೆ ಬಾಯಿಗೆ ಏನು ಹಾಕಿದಿರಿ, ಅದೂ ಇರಲಿ. ನಾನು ಕೊಟ್ಟ ಸಿರಪ್ಪಿನ ವಿಷಯ ಆಮೇಲೆ ಡಾಕ್ಟರಿಗೆ ನಾನೇ ಹೋಗಿ ಹೇಳಬೇಕಾಯಿತು. ಅವರು ಬೈಯಲಿಲ್ಲ, ಬರೆದುಕೊಂಡರು.

ಕುಡಿದಿದ್ದರೆ ಕುಡಿದಿದ್ದಾರೆ ಅಂತ ಹೇಳಿ. ಹೆಂಡತಿಯ ಎದುರು, ಭಾವನ ಎದುರು ನಾಚಿಕೆ ಅನ್ನಿಸಿದರೆ ಡಾಕ್ಟರನ್ನು ಬದಿಗೆ ಕರೆದು ಹೇಳಿ. ಮ್ಯಾನೇಜರಣ್ಣ ಹೇಳದೆ ಇದ್ದದ್ದು ಅದಕ್ಕೇ. ಧಣಿಗಳಿಗೆ ಗೊತ್ತಾಗಬಾರದು ಅಂತ.

ಕೊನೆಗೆ ನೇರವಾಗಿ ಒಂದು ಪ್ರಶ್ನೆ ಕೇಳಿ: ‘ಅನ್ನನಾಳ ಹರಿದಿರಬಹುದಾ ಡಾಕ್ಟ್ರೇ?’ ಕೆಲವರಿಗೆ ಹಿಡಿಸುವುದಿಲ್ಲ, ಗೂಗಲ್ ನೋಡಿ ಬಂದಿದ್ದೀರಾ ಅನ್ನಬಹುದು. ಅನ್ನಲಿ. ಹಾರ್ಟ್ ಅಟ್ಯಾಕ್ ಅಂದುಕೊಂಡು ರಕ್ತ ತೆಳುವಾಗುವ ಔಷಧಿ ಕೊಟ್ಟಮೇಲೆ ಆಪರೇಷನ್ ಅಂದರೆ ಸರ್ಜನ್‌ಗೂ ಕಷ್ಟ, ರೋಗಿಗೂ ಅಪಾಯ. ಹುಣ್ಣು ಒಡೆದಿದೆ ಅಂತ ಸುಮ್ನೆ ಹೊಟ್ಟೆ ಕೊಯ್ದು ನೋಡಿ, ಅಲ್ಲಿ ಏನೂ ಸಿಗದೆ ಮುಚ್ಚಿದ ಕೇಸುಗಳೂ ಈ ಕಾಯಿಲೆಯಲ್ಲಿ ಆಗಿವೆ. ಪ್ಯಾಂಕ್ರಿಯಾಸಿನ ಊತ, ನ್ಯುಮೋನಿಯಾ, ಮಹಾಧಮನಿ ಸೀಳುವುದು, ಎಲ್ಲವೂ ಇದರ ಹಾಗೇ ವೇಷ ಹಾಕಿಕೊಂಡು ಬರುತ್ತವೆ.

ಹೆಜ್ಜೆ 5: ಯಾವ ಟೆಸ್ಟ್ ಏನು ಹೇಳುತ್ತದೆ

ಇಸಿಜಿ, ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಮಾಡೇ ಮಾಡುತ್ತಾರೆ. ಮಾಡಲಿ, ಹೃದಯ ಸರಿ ಇದೆಯೋ ನೋಡಬೇಕಲ್ಲ. ಆದರೆ ಇಸಿಜಿ ನಾರ್ಮಲ್ ಬಂತು ಅಂದರೆ ಹೃದಯದ ಅನುಮಾನ ಕಡಿಮೆಯಾಯಿತು ಅಂತ ಅರ್ಥ, ರೋಗಿ ಮನೆಗೆ ಹೋಗಬಹುದು ಅಂತ ಅಲ್ಲ.

ಎದೆಯ ಎಕ್ಸ್‌ರೇಯಲ್ಲಿ ಎಡಗಡೆ ನೀರು ತುಂಬಿದ್ದು, ಹೃದಯದ ಸುತ್ತ ಗಾಳಿಯ ಕಪ್ಪು ಗೆರೆ, ಕೆಲವು ಸಲ ಶ್ವಾಸಕೋಶ ಕುಗ್ಗಿದ್ದು ಕಾಣಬಹುದು. ಶುರುವಿನ ಗಂಟೆಗಳಲ್ಲಿ ಏನೂ ಕಾಣದೆಯೂ ಇರಬಹುದು. ಸಂಶಯ ಇದ್ದರೆ ಮುಂದಿನದು ಸಿಟಿ ಸ್ಕ್ಯಾನ್. ಈಗ ಎಲ್ಲರೂ ನೆಚ್ಚಿಕೊಳ್ಳುವುದು ಇದನ್ನೇ. ಅನ್ನನಾಳದ ಹೊರಗೆ ಗಾಳಿ, ನೀರು, ದಪ್ಪಗಾದ ಗೋಡೆ ಎಲ್ಲ ಇದರಲ್ಲಿ ಸಿಗುತ್ತದೆ. ಬೇರೆ ಕಾಯಿಲೆ ಇದ್ದರೂ ತಿಳಿಯುತ್ತದೆ.

ಸ್ಕ್ಯಾನ್ ಹೊತ್ತಿಗೆ ಒಂದಿಷ್ಟು ಬಣ್ಣದ ದ್ರವ ನುಂಗಿಸಬಹುದು. ಬಾಯಿಗೆ ಏನೂ ಕೊಡಬಾರದು ಅಂದಿರಲ್ಲ ಅಂತ ಗಾಬರಿಯಾಗಬೇಡಿ. ಅದು ನೀರಿನಲ್ಲಿ ಕರಗುವ ಅಯೋಡಿನ್ ದ್ರವ. ತೂತಿದ್ದರೆ ಹೊರಗೆ ಸೋರಿದ್ದು ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ, ಸೋರಿದರೂ ಎದೆಯಲ್ಲಿ ಉಳಿದು ಕಾಟ ಕೊಡುವುದಿಲ್ಲ. ಬೇರಿಯಂ ಇನ್ನೂ ಚೆನ್ನಾಗಿ ತೋರಿಸುತ್ತದೆ. ಆದರೆ ಸೋರಿದರೆ ಒಳಗೆ ಊತ ಜಾಸ್ತಿ, ಹಾಗಾಗಿ ಮೊದಲಿಗೆ ಅದನ್ನು ಕೊಡುವುದಿಲ್ಲ. ಈ ನುಂಗುವ ಪರೀಕ್ಷೆ ಒಮ್ಮೊಮ್ಮೆ ತೂತನ್ನು ತಪ್ಪಿಸಿಬಿಡುತ್ತದೆ. ಸೋರಿಕೆ ಕಾಣಲಿಲ್ಲ, ಆದರೆ ರೋಗಿ ಇಳಿಯುತ್ತಿದ್ದಾನೆ ಅಂದರೆ ಇನ್ನೊಮ್ಮೆ ನೋಡುತ್ತಾರೆ. ಎಂಡೋಸ್ಕೋಪಿಯನ್ನು ಅನುಭವಸ್ಥರೇ ಮಾಡಬೇಕು. ಒಳಗೆ ಊದುವ ಗಾಳಿಯೇ ಹರಿದದ್ದನ್ನು ಅಗಲಿಸಬಹುದು.

ಎದೆಯಲ್ಲಿ ನೀರಿದ್ದರೆ ಪೈಪ್ ಹಾಕಿ ತೆಗೆಯುತ್ತಾರೆ. ವಾರ್ಡಿನಲ್ಲಿ ಅದಕ್ಕೆ ಐಸಿಡಿ ಅನ್ನುತ್ತಾರೆ. ಆ ನೀರಿನಲ್ಲಿ ಅಮೈಲೇಸ್ ಅನ್ನುವ ಜೀರ್ಣದ ಅಂಶ ಜಾಸ್ತಿ ಇದ್ದರೆ ಅದು ಎಂಜಲಿನಿಂದ ಬಂದದ್ದು, ಹುಳಿ ಜಾಸ್ತಿ ಇದ್ದರೆ ಹೊಟ್ಟೆಯಿಂದ. ಮ್ಯಾನೇಜರಣ್ಣನಿಗೆ ಲ್ಯಾಬ್ ರಿಪೋರ್ಟ್ ಬರುವವರೆಗೂ ಕಾಯಬೇಕಾಗಲಿಲ್ಲ. ಬಾಟಲಿಯಲ್ಲಿ ಕಂದು ನೀರಿನ ಜೊತೆ ಎರಡು ಅನ್ನದ ಅಗುಳು ತೇಲುತ್ತಿದ್ದವು. ವಾರ್ಡಿನ ಮಾವಶಿ, ಅಂದರೆ ಆಯಾ, ನೋಡಿ ‘ಅರೇ ದೇವಾ, ಭಾತ್!’ ಅಂದದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಹೆಜ್ಜೆ 6: ಚಿಕಿತ್ಸೆ, ನೀವು ಸಹಿ ಹಾಕುವ ಮೊದಲು

ಯಾವ ದಾರಿ ಹಿಡಿದರೂ ಮೊದಲ ಗಂಟೆಯ ಕೆಲಸ ಒಂದೇ. ಬಾಯಿ ಬಂದ್, ಫೈಲಿನ ಮೇಲೆ ಎನ್‌ಬಿಎಂ ಅಂತ ಬರೆದಿರುತ್ತಾರೆ. ರಕ್ತನಾಳಕ್ಕೆ ಸಲೈನ್, ಹಲವು ಬಗೆಯ ಕ್ರಿಮಿಗಳನ್ನು ಕೊಲ್ಲುವ ಆಂಟಿಬಯಾಟಿಕ್, ಬಹಳ ಸಲ ಶಿಲೀಂಧ್ರಕ್ಕೂ ಔಷಧಿ, ಆಮ್ಲ ತಗ್ಗಿಸುವ ಇಂಜೆಕ್ಷನ್, ನೋವಿಗೆ ಔಷಧಿ, ಎದೆಗೆ ಪೈಪ್. ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬನ್ನು ಇಲ್ಲಿ ಕಣ್ಣು ಮುಚ್ಚಿ ದೂಡುವ ಹಾಗಿಲ್ಲ, ಅದು ಹರಿದ ಜಾಗದಿಂದ ಆಚೆ ಹೋಗಬಹುದು.

ಆಮೇಲೆ ಮೂರು ದಾರಿ.

ಬೇಗ ಗೊತ್ತಾದರೆ ಆಪರೇಷನ್. ಎಡಪಕ್ಕೆಯ ಎಲುಬುಗಳ ನಡುವೆ ಎದೆ ತೆರೆಯುತ್ತಾರೆ, ಕೆಲವು ಕಡೆ ಸಣ್ಣ ತೂತಿನಿಂದ ದುರ್ಬೀನು ತೂರಿಸಿಯೂ ಮಾಡುತ್ತಾರೆ. ಸೋರಿದ್ದನ್ನೆಲ್ಲ ತೊಳೆದು, ಸತ್ತ ಮಾಂಸ ತೆಗೆದು, ಹರಿದದ್ದನ್ನು ಹೊಲಿಯುತ್ತಾರೆ. ಸರ್ಜನ್ ನನಗೊಂದು ವಿಷಯ ಹೇಳಿದರು. ಹೊರಗಿನ ಸ್ನಾಯು ಹರಿದದ್ದು ಎಷ್ಟು ಕಾಣುತ್ತದೋ ಒಳಗಿನ ಪದರ ಅದಕ್ಕಿಂತ ಉದ್ದ ಹರಿದಿರುತ್ತದೆ. ಹಾಗಾಗಿ ಸ್ನಾಯುವನ್ನು ಇನ್ನೂ ಸ್ವಲ್ಪ ಬಿಡಿಸಿ, ಒಳಪದರದ ಎರಡು ತುದಿ ಕಣ್ಣಿಗೆ ಕಂಡ ಮೇಲೆಯೇ ಹೊಲಿಗೆ. ಮೊದಲು ಒಳಪದರ, ಅದರ ಮೇಲೆ ಸ್ನಾಯು. ಆಮೇಲೆ ಪಕ್ಕೆಯ ಸ್ನಾಯುವಿನ ತುಂಡನ್ನೋ ಜಠರದ ಮೇಲ್ಭಾಗವನ್ನೋ ತೇಪೆಯ ಹಾಗೆ ಮೇಲೆ ಹೊದಿಸುತ್ತಾರೆ. ಊಟಕ್ಕೆ ಹೊಟ್ಟೆಯ ಮೇಲಿಂದ ಸಣ್ಣ ಕರುಳಿಗೆ ಒಂದು ಟ್ಯೂಬ್.

ಎರಡನೆಯದು ಎಂಡೋಸ್ಕೋಪಿಯ ದಾರಿ. ಹೊದಿಕೆ ಇರುವ ಲೋಹದ ಸ್ಟೆಂಟ್ ಇಟ್ಟು ತೂತನ್ನು ಒಳಗಿನಿಂದ ಮುಚ್ಚುವುದು ಒಂದು. ತೂತಿನ ಹತ್ತಿರ ಸ್ಪಂಜು ಇಟ್ಟು ಮೂಗಿನ ಟ್ಯೂಬಿನಿಂದ ಸತತ ಹೀರುತ್ತ ಗಾಯ ಮಾಗಿಸುವುದು ಇನ್ನೊಂದು. ಸ್ಪಂಜನ್ನು ಮೂರರಿಂದ ಐದು ದಿನಕ್ಕೊಮ್ಮೆ ಬದಲಿಸಬೇಕು. ಎಲ್ಲ ಆಸ್ಪತ್ರೆಯಲ್ಲೂ ಇದು ಇರುವುದಿಲ್ಲ. ಸ್ಟೆಂಟ್ ಇಟ್ಟರೂ ಎದೆಯ ಕೊಳೆ ತೆಗೆಯಲೇಬೇಕು, ಪೈಪಿನಿಂದಲೋ ಆಪರೇಷನ್‌ನಿಂದಲೋ. ‘ಸ್ಟೆಂಟ್ ಹಾಕ್ತೇವೆ’ ಅಂದಾಗ ‘ಎದೆ ತೊಳೆಯುವುದು ಹೇಗೆ?’ ಅಂತ ಕೇಳಿ.

ಮೂರನೆಯದು ಔಷಧಿ ಮಾತ್ರ ಕೊಟ್ಟು ಕಾಯುವುದು. ಸೋರಿಕೆ ಸಣ್ಣದಾಗಿ ಒಂದೇ ಕಡೆ ನಿಂತಿದ್ದರೆ, ಜ್ವರ, ಬಿಪಿ ಎಲ್ಲ ಹತೋಟಿಯಲ್ಲಿದ್ದರೆ ಮಾತ್ರ. ಆಪರೇಷನ್ ಅಂದ ಕೂಡಲೇ ಹೆದರಿ ‘ಔಷಧಿಯಲ್ಲೇ ನೋಡಿ ಡಾಕ್ಟ್ರೇ’ ಅಂತ ನಾವೇ ದುಂಬಾಲು ಬೀಳುವುದು ಒಳ್ಳೆಯದಲ್ಲ.

ಬಹಳ ತಡವಾಗಿ, ಗೋಡೆಯೇ ಕೊಳೆತುಹೋಗಿದ್ದರೆ ಅನ್ನನಾಳವನ್ನೇ ತೆಗೆದು, ಕುತ್ತಿಗೆಯಲ್ಲಿ ಎಂಜಲಿಗೆ ದಾರಿ ಮಾಡಿ, ತಿಂಗಳುಗಳ ನಂತರ ಹೊಸ ಕೊಳವೆ ಜೋಡಿಸಬೇಕಾಗುತ್ತದೆ. ಆ ಮಟ್ಟಕ್ಕೆ ಹೋಗಬಾರದು ಅಂತಲೇ ಈ ಎಲ್ಲ ಗಡಿಬಿಡಿ.

ಹಣದ ಮಾತು ಒಂದಿಷ್ಟು. ದಾಖಲಾದ ದಿನವೇ ರೇಷನ್ ಕಾರ್ಡ್, ಆಧಾರ್ ತಂದು ರಾಜ್ಯ ಸರಕಾರದ ಆರೋಗ್ಯ ವಿಮೆಯಾದ ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯ ಕೌಂಟರಿನಲ್ಲಿ ಸಹಾಯಕ್ಕೆ ಕೂತಿರುವ ಆರೋಗ್ಯಮಿತ್ರರನ್ನು ಕಾಣಿ, ಈ ಕೇಸಿಗೆ ಪ್ಯಾಕೇಜ್ ಸಿಗುತ್ತದಾ ಕೇಳಿ. ಹೋಟೆಲ್ ಹುಡುಗರ ರೇಷನ್ ಕಾರ್ಡ್ ಸಾಮಾನ್ಯವಾಗಿ ಊರಿನಲ್ಲಿರುತ್ತದೆ, ಅಲ್ವಾ? ಹಾಗಿದ್ದರೆ ಆಸ್ಪತ್ರೆಯ ಸಮಾಜಸೇವಾ ವಿಭಾಗಕ್ಕೆ ಹೋಗಿ. ರಕ್ತ ಬೇಕಾಗಬಹುದು, ಇಬ್ಬರು ಮೂವರನ್ನು ತಯಾರಿಟ್ಟುಕೊಳ್ಳಿ.

ಹೆಜ್ಜೆ 7: ಟ್ಯೂಬಿನ ದಿನಗಳು

ಐಸಿಯುವಿನಲ್ಲಿ ಎಷ್ಟು ದಿನ ಅಂತ ಮೊದಲೇ ಯಾರೂ ಹೇಳಲಾರರು. ಮ್ಯಾನೇಜರಣ್ಣ ಆಸ್ಪತ್ರೆಯಲ್ಲಿ ಒಟ್ಟು 31 ದಿನ ಇದ್ದರು, ತಡವಾಗಿ ಹೋದದ್ದಕ್ಕೆ. ಹೊಲಿಗೆ ಮತ್ತೆ ಸೋರುವುದು, ಎದೆಯಲ್ಲಿ ಕೀವು ನಿಲ್ಲುವುದು ಸಾಮಾನ್ಯ ತೊಡಕುಗಳು. ಜ್ವರ ಮರಳಿ ಬಂದರೆ, ಪೈಪಿನ ನೀರಿನ ಬಣ್ಣ ಬದಲಾದರೆ ಸಿಸ್ಟರಿಗೆ ಹೇಳಿ. ಬಾಯಿಗೆ ಊಟ ಶುರು ಮಾಡುವ ಮೊದಲು, ಸಾಮಾನ್ಯವಾಗಿ ವಾರದ ಹೊತ್ತಿಗೆ, ಮತ್ತೆ ಆ ಬಣ್ಣದ ದ್ರವ ನುಂಗಿಸಿ ಸೋರಿಕೆ ಇಲ್ಲ ಅಂತ ಖಚಿತ ಮಾಡಿಕೊಳ್ಳುತ್ತಾರೆ. ಅಲ್ಲಿಯವರೆಗೆ ಪ್ರಸಾದ ಅಂತ ಒಂದು ಚೂರು ಸಕ್ಕರೆಯನ್ನೂ ಬಾಯಿಗೆ ಹಾಕಬೇಡಿ. ಮಾಟುಂಗಾದಿಂದ ದೇವಸ್ಥಾನದ ತೀರ್ಥ ತಂದವರನ್ನು ನಾನೇ ಬಾಗಿಲಲ್ಲಿ ತಡೆದು ಹಣೆಗೆ ಹಚ್ಚಿ ಅಂದಿದ್ದೆ.

ಕೆಲವರು ಕರುಳಿನ ಟ್ಯೂಬ್ ಇಟ್ಟುಕೊಂಡೇ ಮನೆಗೆ ಬರುತ್ತಾರೆ. ಇಲ್ಲಿ ನನ್ನ ಕಸುಬಿನ ಮಾತು ಹೇಳಬಹುದು. ಫೀಡ್ ಕೊಡುವ ಮೊದಲು ಮತ್ತು ಆಮೇಲೆ ಸಿರಿಂಜಿನಲ್ಲಿ 20ರಿಂದ 30 ಎಂಎಲ್ ಕಾಯಿಸಿ ಆರಿಸಿದ ನೀರು ಹಾಕಿ ಟ್ಯೂಬ್ ತೊಳೆಯಿರಿ. ಸಣ್ಣ ಟ್ಯೂಬ್, ಕಟ್ಟಿಕೊಂಡರೆ ಮತ್ತೆ ಆಸ್ಪತ್ರೆಯೇ ಗತಿ. ಗಂಜಿ, ಬೇಳೆಕಟ್ಟು ಅಂತ ಮನೆಯಲ್ಲಿ ಮಾಡಿದ್ದನ್ನು ಡಯಟಿಷಿಯನ್ ಕೇಳದೆ ಹಾಕಬೇಡಿ. ಫೀಡನ್ನು ಒಂದೇ ಸಲ ಸುರಿದರೆ ಕರುಳು ತಡೆಯುವುದಿಲ್ಲ, ಹೊಟ್ಟೆ ಕಿವುಚಿ ಭೇದಿಯಾಗುತ್ತದೆ, ಹನಿಹನಿಯಾಗಿಯೇ ಹೋಗಬೇಕು.

ಇನ್ನು ಮಾತ್ರೆ. ಎಲ್ಲ ಮಾತ್ರೆಯನ್ನೂ ಕುಟ್ಟಿ ಪುಡಿ ಮಾಡಿ ಟ್ಯೂಬಿಗೆ ಹಾಕುವ ಹಾಗಿಲ್ಲ. ಪ್ಯಾಂಟೊಪ್ರಜೋಲ್ ಮಾತ್ರೆಗೆ ಆಮ್ಲದಿಂದ ಕಾಪಾಡುವ ಹೊದಿಕೆ ಇರುತ್ತದೆ, ಅದನ್ನು ಪುಡಿ ಮಾಡಬಾರದು. ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಎಲ್ ಅಂತ ಇದ್ದರೆ ಅದು ನಿಧಾನವಾಗಿ ಕರಗಬೇಕಾದ ಮಾತ್ರೆ. ಪುಡಿ ಮಾಡಿದರೆ ದಿನವಿಡೀ ಸೇರಬೇಕಾದ ಡೋಸ್ ಒಂದೇ ಏಟಿಗೆ ಸೇರಿಬಿಡುತ್ತದೆ. ಬಿಪಿ, ಶುಗರ್ ಇದ್ದವರ ಹಳೇ ಚೀಟಿ ಹಿಡಿದುಕೊಂಡು ನಿಮ್ಮ ಮೆಡಿಕಲ್‌ನವರ ಹತ್ತಿರ ಹೋಗಿ, ಯಾವುದಕ್ಕೆ ಸಿರಪ್ ಸಿಗುತ್ತದೆ, ಯಾವುದನ್ನು ಬದಲಿಸಬೇಕು ಅಂತ ಗುರುತು ಹಾಕಿಸಿಕೊಂಡು ಡಾಕ್ಟರಿಗೆ ತೋರಿಸಿ. ಹತ್ತು ನಿಮಿಷದ ಕೆಲಸ, ಯಾರೂ ಮಾಡಿಸಿಕೊಳ್ಳುವುದಿಲ್ಲ.

ಹೆಜ್ಜೆ 8: ಮನೆಗೆ ಬಂದ ಮೇಲೆ

ಊಟ ತಿಳಿಯಿಂದ ಶುರು. ಗಂಜಿ ತಿಳಿ, ಆಮೇಲೆ ಮೆತ್ತಗಿನ ಗಂಜಿ, ಇಡ್ಲಿಯನ್ನು ಸಾರಿನಲ್ಲಿ ನೆನೆಸಿ. ಕೋರಿ ರೊಟ್ಟಿಯ ಗರಿಗರಿ ರೊಟ್ಟಿ, ಮೀನಿನ ಮುಳ್ಳು, ಚಕ್ಕುಲಿ ಇದೆಲ್ಲ ಡಾಕ್ಟರ್ ಹೂಂ ಅನ್ನುವವರೆಗೆ ಬೇಡ. ಸ್ವಲ್ಪ ಸ್ವಲ್ಪ, ದಿನಕ್ಕೆ ಆರು ಸಲ. ಉಂಡ ಕೂಡಲೇ ಮಲಗಬಾರದು.

ಗಾಯ ಮಾಗುವಾಗ ಕೊಳವೆ ಕಿರಿದಾಗಬಹುದು. ಕೆಲವು ವಾರ, ತಿಂಗಳು ಕಳೆದ ಮೇಲೆ ಅನ್ನ ಸಿಕ್ಕಿಕೊಂಡಂತೆ ಅನ್ನಿಸಿದರೆ ಹೋಗಿ ತೋರಿಸಿ, ಅಗಲಿಸಲು ಆಗುತ್ತದೆ. ಸ್ಟೆಂಟ್ ಹಾಕಿದ್ದರೆ ತೆಗೆಸುವ ತಾರೀಖು ಡಿಸ್ಚಾರ್ಜ್ ಕಾರ್ಡಿನ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಮರೆತು ಊರಿಗೆ ಹೋಗಿ ಕೂತರೆ ಅದು ಮಾಂಸಕ್ಕೆ ಅಂಟಿಕೊಳ್ಳುತ್ತದೆ, ಇಲ್ಲವೇ ಜಾರಿ ಕೆಳಗೆ ಹೋಗುತ್ತದೆ. ಒಮ್ಮೆ ಎಂಡೋಸ್ಕೋಪಿ ಮಾಡಿಸಿ ಅನ್ನನಾಳದಲ್ಲಿ ಮೊದಲೇ ಬೇರೆ ತೊಂದರೆ ಇತ್ತಾ ನೋಡಿಸುವುದೂ ಒಳ್ಳೆಯದು. ಅಲರ್ಜಿಯಿಂದ ಅನ್ನನಾಳ ಊದಿಕೊಂಡವರಲ್ಲಿ ಇದು ಆದದ್ದುಂಟು.

ಮತ್ತೆ ಹರಿಯುವುದು ಅಪರೂಪ. ಆದರೂ ಬೆಳಿಗ್ಗೆ ಹಲ್ಲುಜ್ಜುವಾಗ ಬೆರಳು ಹಾಕಿ ವ್ಯಾಕ್ ವ್ಯಾಕ್ ಅಂತ ಗಂಟಲು ಕೆರೆಯುವ ಅಭ್ಯಾಸ ಇದ್ದರೆ ಬಿಡಿ. ವಾಂತಿ ಶುರುವಾದರೆ ತಡೆದುಕೊಳ್ಳಲು ಬಾಯಿ ಮುಚ್ಚಿ ಹಿಡಿಯಬೇಡಿ, ಬೇಗ ವಾಂತಿ ನಿಲ್ಲಿಸುವ ಔಷಧಿ ತೆಗೆದುಕೊಳ್ಳಿ. ಕುಡಿತದ ಬಗ್ಗೆ ನಾನು ಹೇಳುವುದೇನಿದೆ, ಸರ್ಜನ್ ಹೇಳಿರುತ್ತಾರೆ.

ಊರಿಗೆ ಹೋಗುವಾಗ ಮಾತ್ರ ಒಂದು ಜಾಗ್ರತೆ. ರಾತ್ರಿ ಬಸ್ಸಿನಲ್ಲಿ ಘಟ್ಟದ ತಿರುವಿಗೆ ಹೊಟ್ಟೆ ತೊಳಸುವವರು ಮತ್ಸ್ಯಗಂಧ ರೈಲಿಗೇ ಟಿಕೆಟ್ ಮಾಡಿಸಿ. ಬಸ್ಸೇ ಆಗಬೇಕಾದರೆ ಪ್ರಯಾಣದ ವಾಂತಿಗೆ ಡಾಕ್ಟರ್ ಬರೆದುಕೊಟ್ಟ ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲು ನುಂಗಿ. ಡಿಸ್ಚಾರ್ಜ್ ಕಾರ್ಡಿನ ಫೋಟೋ ಮೊಬೈಲಿನಲ್ಲಿರಲಿ. ಮ್ಯಾನೇಜರಣ್ಣ ಅದನ್ನು ಲ್ಯಾಮಿನೇಟ್ ಮಾಡಿಸಿ ಗಲ್ಲಾದಲ್ಲಿ ಇಟ್ಟಿದ್ದಾರೆ. ತಿಂಗಳಿಗೊಮ್ಮೆ ಮಾತ್ರೆ ಕೊಳ್ಳಲು ನನ್ನ ಅಂಗಡಿಗೆ ಬಂದಾಗ ಈಗ ನಾನು ಕೇಳುವ ಮೊದಲೇ ಅವರೇ ಹೇಳುತ್ತಾರೆ, ‘ವಾಂತಿ ಆಗ್ಲಿಲ್ಲ ಮಾರಾಯ್ರೇ, ಮಾತ್ರೆ ಕೊಡಿ.’